ಮೂರರ ಘಾತ ನಾಲ್ಕು ಮತ್ತು ಐದರ ನಡುವೆ ನಿಂತ ಅಮ್ಮ

ಗಣಿತ ಕಲಿಸುವವರಿಗೆ ನಗು ಹುಡುಕಿಕೊಂಡು ಹೋಗಬೇಕಾದ ಪ್ರಮೇಯವೇ ಇಲ್ಲ, ಅದು ತಾನಾಗಿಯೇ ಕ್ಲಾಸಿನೊಳಗೆ ಬಂದು ಕೂರುತ್ತದೆ. ನನ್ನ ಪಾಲಿಗಂತೂ ಒಂದೇ ಒಂದು ಲೆಕ್ಕ ಎರಡು ಊರುಗಳಲ್ಲಿ ಬೆನ್ನು ಹತ್ತಿತು.

ಸೀನಿಯಾರಿಟಿ ಪ್ರಶ್ನೆ

ನನ್ನ ಯಜಮಾನರು ಬ್ಯಾಂಕಿನವರು. ಅವರ ವರ್ಗಾವಣೆಗಳ ಹಿಂದೆಯೇ ಧಾರವಾಡ ಬಿಟ್ಟು ಊರೂರು ಸುತ್ತಿದ ನಾನು ಆಗ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಸೆಂಟರೊಂದರಲ್ಲಿ ಗಣಿತ ಹೇಳುತ್ತಿದ್ದೆ. ಒಂದು ದಿನ ಬೋರ್ಡಿನ ಮೇಲೆ ಸಂಖ್ಯಾರೇಖೆ ಎಳೆದು, ಸಮಾನ ಅಂತರದಲ್ಲಿ ಮೂರು ಗೆರೆ ಹಾಕಿದೆ. ಮೊದಲನೆಯದು ಎರಡರ ಘಾತ ಮೂರು, ಎರಡನೆಯದು ಎರಡರ ಘಾತ ನಾಲ್ಕು. ಮೂರನೆಯದು?

"ಎರಡರ ಘಾತ ಐದು!" ಇಡೀ ಕ್ಲಾಸು ಕೂಗಿತು.

"ಅಲ್ಲ. ಎಂಟರಿಂದ ಹದಿನಾರಕ್ಕೆ ಅಂತರ ಎಂಟು. ಮತ್ತೆ ಎಂಟು ಸೇರಿಸಿ. ಇಪ್ಪತ್ತನಾಲ್ಕು."

ಮುಂದಿನ ಬೆಂಚಿನ ಹುಡುಗಿಗೆ ನಿಜವಾಗಿಯೂ ಸಂಕಟವಾಯಿತು. "ಮೇಡಂ ಗಾರು, ಹಿಂದಿನ ಇಬ್ಬರಿಗೂ ಘಾತ ಕೊಟ್ಟು ಮೂರನೆಯವನ ಪ್ರಮೋಷನ್ ತಪ್ಪಿಸಿದರೆ, ಯೂನಿಯನ್‌ನವರು ಸುಮ್ಮನಿರುತ್ತಾರಾ?"

ಬಟ್ಟೆ ಹಗ್ಗ

ಅಷ್ಟರಲ್ಲಿ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿಯ ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲೂ ನಮ್ಮ ಸೆಂಟರಿನ ಶಾಖೆಯಿತ್ತು. ಡೆಮೊ ಕ್ಲಾಸು ಮೆಚ್ಚಿಗೆಯಾದರೆ ಕೆಲಸ, ಇಲ್ಲದಿದ್ದರೆ ಮನೆ. ಪ್ರತಿ ವರ್ಗಾವಣೆಯಲ್ಲೂ ಕೆಲಸ ಕಳೆದುಕೊಂಡು ನನಗೆ ಸಾಕಾಗಿತ್ತು. ಈ ಸಲ ಬಿಟ್ಟುಕೊಡಬಾರದೆಂದು ಬಾಲ್ಕನಿಯ ಬಟ್ಟೆ ಹಗ್ಗಕ್ಕೆ ಮೊಳಕ್ಕೊಂದರಂತೆ ಕ್ಲಿಪ್ಪು ಹಾಕಿ, ಚೀಟಿ ಸಿಕ್ಕಿಸಿ, ಯಜಮಾನರನ್ನೇ ವಿದ್ಯಾರ್ಥಿ ಮಾಡಿದೆ.

"ಇದು ಮೂರು, ಇದು ಒಂಬತ್ತು. ಮುಂದಿನ ಕ್ಲಿಪ್ಪು?"

"ಇಪ್ಪತ್ತೇಳು."

"ಹದಿನೈದ್ರೀ! ಇಪ್ಪತ್ತೇಳು ಹಗ್ಗದ ಆ ತುದೀಗೆ ಬರ್ತದ."

"ಹಂಗಾದ್ರ ಎಂಬತ್ತೊಂದು?"

"ಪಕ್ಕದ ಮನಿ ಬಾಲ್ಕನ್ಯಾಗ."

"ಅದರ ಮುಂದಿಂದು?"

"ರಸ್ತಾದ ಆಚೆ ಅಪಾರ್ಟ್‌ಮೆಂಟಿನ್ಯಾಗ."

ಅವರು ಹಗ್ಗವನ್ನೇ ನೋಡುತ್ತ ನಿಂತರು. "ಈಗ ತಿಳೀತು ನೋಡು. ಮೊದ್ಲು ಗದಗ, ಆಮ್ಯಾಲೆ ಬಳ್ಳಾರಿ, ಆಮ್ಯಾಲೆ ವಿಶಾಖಪಟ್ಟಣ. ನಮ್ಮ ಹೆಡ್ ಆಫೀಸಿನವ್ರು ಘಾತದ ಲೆಕ್ಕದಾಗ ಟ್ರಾನ್ಸ್‌ಫರ್ ಹಾಕ್ಯಾರ. ಈ ಸಲ ಸಮುದ್ರ ಅಡ್ಡ ಬಂತು ಅಂತ ವಿಜಯವಾಡಕ್ಕ ತಿರುಗಿಸ್ಯಾರ!"

ಡೆಮೊ

ಒನ್ ಟೌನ್‌ನ ಸೆಂಟರು ಸಗಟು ಅಂಗಡಿಯೊಂದರ ಮಹಡಿಯ ಮೇಲಿದೆ. ಕೋಣೆ ಇಕ್ಕಟ್ಟು. ಭಾನುವಾರ, ಅಂಗಡಿಗಳು ಮುಚ್ಚಿದ್ದವು. ವಿದ್ಯಾರ್ಥಿಗಳನ್ನೇ ಸಂಖ್ಯಾರೇಖೆ ಮಾಡೋಣವೆಂದು ಎಲ್ಲರನ್ನೂ ಕೆಳಗಿನ ರಸ್ತೆಗೆ ಇಳಿಸಿದೆ. ಡೈರೆಕ್ಟರು ಕೈಕಟ್ಟಿ ಬದಿಯಲ್ಲಿ ನಿಂತರು. ಮೂವರು ಹುಡುಗಿಯರನ್ನು ಸಮಾನ ಅಂತರದಲ್ಲಿ ನಿಲ್ಲಿಸಿ, ಮೊದಲನೆಯವಳ ಕೈಗೆ ಮೂರರ ಘಾತ ನಾಲ್ಕು, ಎರಡನೆಯವಳಿಗೆ ಮೂರರ ಘಾತ ಐದು ಎಂದು ಬರೆದ ರಟ್ಟು ಕೊಟ್ಟೆ.

ಮೂರನೆಯದು ಎಷ್ಟು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಕೈಚೀಲ ಹಿಡಿದ ವಯಸ್ಸಾದ ಅಮ್ಮನೊಬ್ಬರು ಬಂದು ಮೊದಲನೆಯವಳ ಹಿಂದೆ, ಎರಡನೆಯವಳಿಗಿಂತ ಮುಂದೆ ಇದ್ದ ಖಾಲಿ ಜಾಗದ ನಟ್ಟನಡುವೆ ನಿಂತುಬಿಟ್ಟರು. ನಮ್ಮ ದೇಶದಲ್ಲಿ ಸಾಲು ಕಂಡರೆ ನಿಲ್ಲಬೇಕು, ಏನು ಕೊಡುತ್ತಾರೆಂದು ಆಮೇಲೆ ಕೇಳಬೇಕು.

"ಅಮ್ಮಾ, ಇದು ಕ್ಯೂ ಅಲ್ಲ," ಎಂದೆ ನನ್ನ ಹರಕುಮುರುಕು ತೆಲುಗಿನಲ್ಲಿ.

"ತಮ್ಮವರಿಗೆ ಜಾಗ ಹಿಡಿದಿಡುವವರೆಲ್ಲ ಹೀಗೇ ಹೇಳೋದು," ಎಂದು ಅವರು ಅಲ್ಲಾಡಲಿಲ್ಲ.

ಡೈರೆಕ್ಟರ ಹುಬ್ಬು ಗಂಟಿಕ್ಕಿತು. ಕೆಲಸ ಹೋಯಿತೆಂದೇ ಅಂದುಕೊಂಡೆ. ಆದದ್ದಾಗಲಿ ಎಂದು ಹುಡುಗರ ಕಡೆ ತಿರುಗಿದೆ. "ಹೇಳಿ, ಅಮ್ಮ ನಿಂತ ಜಾಗದ ಬೆಲೆ ಎಷ್ಟು?"

"ಮೂರರ ಘಾತ ನಾಲ್ಕೂವರೆ!" ಎಂದ ಒಬ್ಬ.

"ಅಲ್ಲ, ಎಂಬತ್ತೊಂದು, ಇನ್ನೂರ ನಲವತ್ತಮೂರು ಕೂಡಿಸಿ ಅರ್ಧ. ನೂರ ಅರವತ್ತೆರಡು!" ಎಂದಳು ಇನ್ನೊಬ್ಬಳು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ಅಮ್ಮ ಸಿಡಿದರು. "ನೂರ ಅರವತ್ತೆರಡನೇ ನಂಬರಾ? ನನ್ನ ಮುಂದೆ ಇರೋದು ಒಬ್ಬಳೇ!"

ಡೈರೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಳ್ಳುತ್ತ ಬಂದು, "ಮೇಡಂ ಗಾರು, ಈ ಲೆಕ್ಕವನ್ನು ಇವರು ಜನ್ಮದಲ್ಲಿ ಮರೆಯುವುದಿಲ್ಲ. ಕೆಲಸ ನಿಮಗೇ ಕೊಟ್ಟೆ, ನಾಳೆಯಿಂದ ಬನ್ನಿ," ಎಂದರು. ನಾನು ಕೈಮುಗಿದೆ.

ಅಮ್ಮ ಬಿಡಲಿಲ್ಲ. ಡೈರೆಕ್ಟರ ತೋಳು ಹಿಡಿದು ನಿಲ್ಲಿಸಿ, ನನ್ನತ್ತ ಬೆರಳು ತೋರಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಇದ್ಯಾವ ನ್ಯಾಯ! ಇವರಿಗೆ ಹೇಗೆ ಕೊಟ್ಟಿರಿ? ಇವರು ಸಾಲಿನಲ್ಲೇ ಇರಲಿಲ್ಲ!"