ಫೋಟೋ ಅಯ್ನೋರ ಬಯಲು

ಗಂಡಸರ ಚಟಗಳಲ್ಲಿ ಹೆಂಡತಿಯಾದವಳು ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ಯಾರಾದರೂ ಕೇಳಿದರೆ, ಇಸ್ಪೀಟು, ನಶ್ಯ, ನಾಟಕದ ಕಂಪನಿ ಎಲ್ಲವನ್ನೂ ಪಕ್ಕಕ್ಕಿಟ್ಟು, ಗುರುಭಕ್ತಿಗೆ ಎಂದು ಹೇಳುತ್ತೇನೆ. ಇಸ್ಪೀಟಾಡುವ ಗಂಡ ಸೋತಾದರೂ ಮನೆಗೆ ಬರುತ್ತಾನೆ. ಗುರು ಸಿಕ್ಕ ಗಂಡ ಮನೆಯಲ್ಲಿ ಕೂತಿದ್ದರೂ ಮನೆಯಲ್ಲಿರುವುದಿಲ್ಲ. ಉಣ್ಣಲು ಕೂತವರು ತಟ್ಟೆಯ ಮುದ್ದೆಯ ಮೇಲೆ ಕಿಟಕಿಯ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ತಲೆ ಓರೆ ಮಾಡಿ ನೋಡುತ್ತಾ ಕೂತರೆ, ಎದುರಿಗೆ ಸೌಟು ಹಿಡಿದು ನಿಂತವಳಿಗೆ ಏನನ್ನಿಸಬೇಕು ಹೇಳಿ. ಮೊದಮೊದಲು ಸಾರು ರುಚಿಯಾಗಿಲ್ಲವೇನೋ ಎಂದು ನಾನು ಗಾಬರಿಯಾಗುತ್ತಿದ್ದೆ. ಆಮೇಲೆ ಗಾಬರಿ ಹೋಗಿ ಸಿಟ್ಟು ಬಂತು. ಸಿಟ್ಟಿಗೂ ವಯಸ್ಸಾಗುತ್ತದೆ, ಈಗ ಸಾರು ಬಡಿಸಿ ಸುಮ್ಮನಿರುತ್ತೇನೆ.

ನಮ್ಮ ಮನೆಯವರದು ಹೊನ್ನಾಳಿಯಲ್ಲಿ ಫೋಟೋ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆಯೇ. ಅಲ್ಲಿ ಯಾವುದೋ ದೇಶದ ಅರಮನೆಯ ಮೆಟ್ಟಿಲು, ಹೂಕುಂಡ ಬರೆದ ಒಂದು ಪರದೆ, ಒಂದು ಕುರ್ಚಿ, ಒಂದು ಕರಿ ಕೋಟು. ಕೋಟು ಬಂದವರಿಗೆಲ್ಲ ಒಂದೇ. ದಪ್ಪನೆಯ ಸಾಹುಕಾರರಿಗೆ ಬೆನ್ನ ಹಿಂದೆ ಹೊಲಿಗೆ ಬಿಚ್ಚಿ, ತೆಳ್ಳನೆಯ ಶಾನುಭೋಗರಿಗೆ ಪಿನ್ನು ಚುಚ್ಚಿ ತೊಡಿಸುವ ಕೆಲಸ ನನ್ನದು. ಹೊನ್ನಾಳಿ, ನ್ಯಾಮತಿಯ ಯಾವ ಮನೆಯ ಗೋಡೆ ನೋಡಿದರೂ ನನಗೆ ಮೊದಲು ಕಾಣುವುದು ನಾನು ತೇಪೆ ಹಾಕಿದ ಆ ಕೋಟು, ಮುಖ ಆಮೇಲೆ. ವ್ಯಾಪಾರ ಚೆನ್ನಾಗಿಯೇ ಇತ್ತು. ಹೀಗಿರುವಾಗ ನಮ್ಮ ಮನೆಯವರು ಚನ್ನಗಿರಿಗೆ ಒಂದು ಮದುವೆಯ ಫೋಟೋ ತೆಗೆಯಲು ಹೋದವರು ಗುರುಗಳನ್ನು ಸಂಪಾದಿಸಿಕೊಂಡು ಬಂದರು.

ಅವರ ಹೆಸರು ವಿರೂಪಾಕ್ಷಯ್ಯ. ಜನ ಕರೆಯುತ್ತಿದ್ದದ್ದು ಫೋಟೋ ಅಯ್ನೋರು ಎಂದು. ಅವರು ಮನುಷ್ಯರ ಫೋಟೋ ತೆಗೆಯುತ್ತಿರಲಿಲ್ಲ. ಕೆರೆ, ಗುಡ್ಡ, ಹೊಲ, ಬಯಲು, ಇಷ್ಟೇ. ಎತ್ತಿನ ಗಾಡಿಯಲ್ಲಿ ದೊಡ್ಡ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೇರಿಕೊಂಡು ಕೆರೆಬಿಳಚಿಯ ಕಡೆಯಿಂದ ಸೂಳೆಕೆರೆಯ ಏರಿ ಹತ್ತಿ, ಕಂಬಳಿ ಹಾಸಿ ಕೂತುಬಿಡುವರಂತೆ. ದನ ಕಾಯುವವರು ಬಂದು, "ಯಾರಿಗೆ ಕಾಯಾಕತ್ತೀರಿ ಅಯ್ನೋರೇ?" ಎಂದರೆ, "ಮೋಡ ಬರಬೇಕಿತ್ತು ಕಣಪ್ಪ, ಇನ್ನೂ ಬಂದಿಲ್ಲ" ಎನ್ನುವರಂತೆ, ನೆಂಟರ ಬಗ್ಗೆ ಹೇಳಿದ ಹಾಗೆ. ಮೋಡ ಬಾರದಿದ್ದರೆ ಗಾಡಿ ಕಟ್ಟಿಸಿಕೊಂಡು ವಾಪಸ್ಸು. ಮಾರನೆಯ ದಿನ ಮತ್ತೆ ಹಾಜರು.

ಅವರು ಕೊಟ್ಟ ಸೂಳೆಕೆರೆಯ ಫೋಟೋವನ್ನು ನಮ್ಮವರು ಅಂಗಡಿಯ ನಡುಗೋಡೆಗೆ ಹಾಕಿದರು. ಮನುಷ್ಯರಿಲ್ಲದ ಫೋಟೋ ನಮ್ಮ ಸೀಮೆಯಲ್ಲಿ ಯಾರೂ ಕಂಡದ್ದಲ್ಲ. ಹೆಂಗಸೊಬ್ಬಳು ಯಾರೋ ಮುಳುಗಿ ಸತ್ತ ಜಾಗವೆಂದುಕೊಂಡು ಲೊಚಗುಟ್ಟಿ ಕೈಮುಗಿದಳು. ಅಡಿಕೆ ವ್ಯಾಪಾರದ ಒಬ್ಬರು ಬಹಳ ಹೊತ್ತು ನೋಡಿ, "ಕೆರೆ ಹಿಂದಿನ ಜಮೀನು ಯಾರದ್ರೀ? ಮಾರಾಕೈತೇನು?" ಎಂದು ಕೇಳಿದರು. ನಾನು ಒಳಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆದರೆ ನಿಜ ಹೇಳಬೇಕು. ಕಸ ಗುಡಿಸುವಾಗ ದಿನಾ ಆ ಫೋಟೋದ ಮುಂದೆ ನನ್ನ ಪೊರಕೆ ನಿಲ್ಲುತ್ತಿತ್ತು. ಆ ಕೆರೆ ನಾನು ಚಿಕ್ಕಂದಿನಿಂದ ಬಲ್ಲದ್ದು. ಅದರಲ್ಲಿ ಕಾಲು ತೊಳೆದಿದ್ದೆ, ಏರಿಯ ಮೇಲೆ ಬುತ್ತಿ ಬಿಚ್ಚಿದ್ದೆ. ನೀರಿನ ಒಂದು ಪಕ್ಕಕ್ಕೆ ಮೋಡದ ನೆರಳು ಬಿದ್ದು ಇನ್ನೊಂದು ಪಕ್ಕ ಬೆಳಗುವುದನ್ನು ಮಾತ್ರ ನೋಡಿರಲಿಲ್ಲ. ಇಷ್ಟು ದೊಡ್ಡದೊಂದು ಕಣ್ಣೆದುರಿಗೇ ಇದ್ದು ಕಾಣದೆ ಹೋಯಿತಲ್ಲ ಎಂದು ನಾಚಿಕೆಯಾಗುತ್ತಿತ್ತು. ಇದನ್ನು ನಾನು ಮನೆಯವರಿಗೆ ಹೇಳಲಿಲ್ಲ. ಅವರಿಗೆ ಮೊದಲೇ ತಲೆ ನಿಂತಿರಲಿಲ್ಲ.

ತಲೆ ನಿಲ್ಲದ್ದರ ಫಲ ನನ್ನ ತಂಗಿಗೆ ಬಂತು. ನ್ಯಾಮತಿಯ ನನ್ನ ತವರಿನಲ್ಲಿ ಗಿರಿಜೆ ಮದುವೆಯ ವಯಸ್ಸಿಗೆ ಬಂದಿದ್ದಳು. ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಒಂದು ಸಂಬಂಧ ಕೇಳಿಬಂತು. ಒಳ್ಳೆಯ ಮನೆತನ, ಹುಡುಗನೂ ಸೈ. ಊರು ದೂರ, ಅಳಿಯಂದಿರದೇ ಫೋಟೋ ಅಂಗಡಿ ಇದೆಯಲ್ಲ, ಮೊದಲು ಒಂದು ಫೋಟೋ ಕಳಿಸೋಣ ಎಂದು ನಮ್ಮಪ್ಪ ಹುಮ್ಮಸ್ಸು ಮಾಡಿದರು. ಗಿರಿಜೆ ರೇಷ್ಮೆ ಸೀರೆ ಉಟ್ಟು ಪರದೆಯ ಮುಂದೆ ಕೂತದ್ದೂ ಆಯಿತು. ನಮ್ಮವರು ಪರದೆಯನ್ನು ನೋಡಿದರು, ಅವಳನ್ನು ನೋಡಿದರು, ನಿಟ್ಟುಸಿರು ಬಿಟ್ಟರು. "ಈ ಸುಳ್ಳು ಮೆಟ್ಟಿಲು ಯಾಕೆ? ಹೊಳೆಗೆ ಹೋಗಾನ" ಎಂದರು. ಹೊಳೆಯಲ್ಲಿ ಬೆಳಕಿಗಾಗಿ ಕಾದು ಕಾದು ಗಿರಿಜೆಯ ಕೈಯಲ್ಲಿದ್ದ ಕೊಡ ಜೋತುಬಿತ್ತು. ಫೋಟೋ ಬಂದಾಗ ತುಂಬಿ ಹರಿಯುವ ತುಂಗಭದ್ರೆ ಇತ್ತು, ಮರಳದಂಡೆ ಇತ್ತು, ಒಂದು ಹರಿಗೋಲು ಇತ್ತು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ನನ್ನ ತಂಗಿ ಇದ್ದಳು.

"ಹುಡುಗಿ ಮುಖ ಎಲ್ರೀ?" ಎಂದೆ. "ಮುಖ ಅವರು ಬಂದಾಗ ನೋಡ್ತಾರೆ. ಎಂಥಾ ಸೀಮೆಯಾಗೆ ಬೆಳೆದಾಳೆ ಅಂತ ಮೊದಲು ಕಾಣ್ಲಿ" ಎಂದರು. ಅಪ್ಪನಿಗೆ ಅಳಿಯಂದಿರ ಕೆಲಸದ ಮೇಲೆ ಕುರುಡು ನಂಬಿಕೆ. ಸಂಬಂಧ ಕುದುರಿಸುತ್ತಿದ್ದ ಹಾಲಪ್ಪನ ಕೈಯಲ್ಲಿ ಫೋಟೋ ಬಿಳಿಚೋಡಿಗೆ ಹೋಯಿತು.

ಹಾಲಪ್ಪ ವಾಪಸ್ಸು ಬಂದು ಹೇಳಿದ್ದನ್ನು ನಾನು ಮರೆಯಲಾರೆ. ಅಲ್ಲಿ ಫೋಟೋ ಕೈಯಿಂದ ಕೈಗೆ ಹೋಯಿತಂತೆ. ಹುಡುಗಿ ಎಲ್ಲಿ ಎಂದು ಯಾರೂ ಕೇಳಲಿಲ್ಲವಂತೆ. ಎಲ್ಲರೂ ನೀರು ನೋಡಿದರಂತೆ. ಅಕ್ಕಪಕ್ಕದ ಮನೆಯವರೂ ಬಂದು ನೀರು ನೋಡಿ ಹೋದರಂತೆ. ಕೊನೆಗೆ ಹುಡುಗನ ತಾಯಿ ಸಿದ್ದಮ್ಮನವರು ಫೋಟೋ ಮಡಿಲಲ್ಲಿಟ್ಟುಕೊಂಡು, "ಇಷ್ಟು ನೀರು ಕಂಡ ಮಗೀನ ತಂದು ನಮ್ಮೂರಾಗೆ ಬಾವಿಗೆ ಹಗ್ಗ ಬಿಡಾಕೆ ಹಚ್ಚಬೇಕೇನು? ಪಾಪ ಸುತ್ಕೋತೈತೆ. ಬ್ಯಾಡ, ಅಲ್ಲೇ ಎಲ್ಲಾರ ಕೊಡ್ಲಿ" ಎಂದರಂತೆ. ಅವರು ಬೈದಿದ್ದರೆ ನಾವೂ ಬೈದು ಹಗುರಾಗಬಹುದಿತ್ತು. ಕನಿಕರಪಟ್ಟು ಬೇಡವೆಂದವರನ್ನು ಏನೆಂದು ಬೈಯುವುದು? ನಾನು ಸಿಟ್ಟೆಲ್ಲವನ್ನೂ ಮನೆಯವರ ಮೇಲೆ ತೀರಿಸಿಕೊಂಡೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಆದ್ರೂ ನೋಡು, ಅಷ್ಟು ಜನ ಆ ನೀರ್ನ ನೋಡಿದ್ರಲ್ಲ" ಎಂದರು. ಆ ಮುಖದಲ್ಲಿದ್ದ ಸಂತೋಷ ನೋಡಿ ಸೌಟು ಎಸೆಯುವಷ್ಟು ಕೋಪ ಬಂದಿತ್ತು.

ಕೆಲವು ತಿಂಗಳು ಕಳೆದ ಮೇಲೆ ಫೋಟೋ ಅಯ್ನೋರೇ ನಮ್ಮ ಮನೆಗೆ ಬಂದರು. ಜಗಳೂರಿನ ಕಡೆ ತಿರುಗಿ ತೆಗೆದ ಪ್ಲೇಟುಗಳನ್ನು ತೊಳೆಯಲು ಅವರಿಗೆ ಕತ್ತಲ ಕೋಣೆ ಬೇಕಿತ್ತು. ನಮ್ಮ ಮನೆಯಲ್ಲಿ ಕಿಟಕಿ ಇಲ್ಲದ್ದು ಅಡಿಗೆಮನೆ ಒಂದೇ; ನಮ್ಮವರು ತಮ್ಮ ಪ್ಲೇಟುಗಳನ್ನು ರಾತ್ರಿ ಅಡಿಗೆ ಮುಗಿದ ಮೇಲೆ ಅಲ್ಲೇ ತೊಳೆಯುತ್ತಿದ್ದರು, ಅಯ್ನೋರಿಗೆ ಹಗಲೂ ಬೇಕಾಯಿತು. ಬಾಗಿಲಿಗೆ ಕಂಬಳಿ ಕಟ್ಟಿ, ಲಾಂದ್ರಕ್ಕೆ ಕೆಂಪು ಕಾಗದ ಸುತ್ತಿ ಗುರುಶಿಷ್ಯರು ಒಳಗೆ ಹೋದರೆ ಒಲೆ ತಣ್ಣಗೆ, ನಾನು ಹಿತ್ತಿಲಲ್ಲಿ. ಆಗ ಗಿರಿಜೆಯೂ ನಮ್ಮಲ್ಲಿಗೆ ಬಂದಿದ್ದಳು. ಅಕ್ಕತಂಗಿಯರು ಹಿತ್ತಿಲಲ್ಲಿ ಕಲ್ಲು ಹೂಡಿ ರೊಟ್ಟಿ ಬಡಿದೆವು. ನಾನು ಅಯ್ನೋರನ್ನು ದೊಡ್ಡ ಮಾತಿನವರೆಂದು ಎಣಿಸಿದ್ದೆ. ಅವರು ನನ್ನೊಂದಿಗೆ ಆಡಿದ್ದು "ರೊಟ್ಟಿ ಚೆನ್ನಾಗೈತೆ ತಾಯಿ" ಎಂಬುದೊಂದೇ. ಅದೂ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ್ದು.

ಪ್ಲೇಟು ಒಣಗಿದ ಮೇಲೆ ಅವನ್ನು ಚಿತ್ರ ಮೂಡುವ ಕಾಗದದ ಜೊತೆ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಟ್ಟರು. ಗಿರಿಜೆ ಕಾಗೆ ಓಡಿಸುವ ನೆಪದಲ್ಲಿ ಪಕ್ಕದಲ್ಲೇ ಕೂತಳು. ಕಾಗದ ಮೆಲ್ಲಗೆ ಕಂದಾಗುತ್ತಾ ಒಂದು ಬಯಲು ಮೂಡಿತು. ಮರ ಎಂದರೆ ಒಂದೇ ಒಂದು ಜಾಲಿ. ಕುರಿಹಿಂಡು ಊರಿಗೆ ತಿರುಗಿದೆ, ಅದರ ಧೂಳು ಇಳಿಬಿಸಿಲಲ್ಲಿ ಹೊಳೆಯುತ್ತಿದೆ, ಅದರ ಮೇಲೆ ನಾನು ಆವರೆಗೆ ಕಾಣದಷ್ಟು ಆಕಾಶ. ಗಿರಿಜೆ ಬಹಳ ಹೊತ್ತು ನೋಡಿದಳು. "ಇದು ಯಾವೂರು ಅಜ್ಜಾರೇ?" ಎಂದು ಕೇಳಿದಳು. "ಬಿಳಿಚೋಡು ಸಮೀಪ ತಾಯಿ. ಆ ಕಡೆಗೆ ಹೋದ್ರೆ ಸೊಕ್ಕೆ ಊರು" ಎಂದರು. ಅವರಿಗೆ ನಮ್ಮ ಮನೆಯ ಕಥೆ ಏನೂ ಗೊತ್ತಿರಲಿಲ್ಲ. ಗಿರಿಜೆ ಊರಿಗೆ ಹೋದವಳೇ ಅಪ್ಪನ ಮುಂದೆ ನಿಂತು, "ನೀರು ನೋಡಿ ಬ್ಯಾಡಂದ್ರು, ನನ್ನ ಕೇಳಿದ್ರಾ? ನಾನು ಆ ಊರು ನೋಡೀನಿ, ಒಪ್ಪೀನಿ" ಎಂದಳಂತೆ. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಹಾಗೆ ಮಾತಾಡಿದ್ದು ಅದೇ ಮೊದಲು.

ಸುದ್ದಿ ಹಾಲಪ್ಪನ ಮೂಲಕ ಮುಟ್ಟಿ, ಸಿದ್ದಮ್ಮನವರು ತಾವೇ ಗಾಡಿ ಕಟ್ಟಿಸಿಕೊಂಡು ನ್ಯಾಮತಿಗೆ ಬಂದರು. ಎತ್ತರದ, ಬಿಸಿಲಿಗೆ ಬೆಂದ ಹೆಂಗಸು. ಗಿರಿಜೆಯ ಅಂಗೈ ಹಿಡಿದು ನೋಡಿ, "ಮಗಾ, ನಮ್ಮಲ್ಲಿ ನೆಳ್ಳು ಅಂಬೋದಿಲ್ಲ" ಎಂದರು. "ಗೊತ್ತೈತೆ, ನೋಡೀನಿ" ಎಂದಳು. "ಯಾವಾಗ ಬಂದಿದ್ದೆ?" "ಬಂದಿಲ್ಲ. ಫೋಟೋದಾಗೆ ನೋಡೀನಿ." ಇಡೀ ಪಡಸಾಲೆ ನಕ್ಕಿತು, ಸಿದ್ದಮ್ಮನವರೂ ನಕ್ಕರು. ಮದುವೆ ಆಯಿತು. ಆ ಬಯಲಿನ ಫೋಟೋವನ್ನೇ ಅಯ್ನೋರು ಚೌಕಟ್ಟು ಹಾಕಿಸಿ ಉಡುಗೊರೆ ಕೊಟ್ಟರು.

ಆ ಮದುವೆಯಾದ ಮೇಲೆ ನಮ್ಮವರಿಗೆ ಹೊಸ ಕಾಯಿಲೆ ಹಿಡಿಯಿತು. ಬೇಸಿಗೆ ಏರಿದಂತೆಲ್ಲ, "ಗಿರಿಜೆ ಹೆಂಗೈದಾಳೋ" ಎನ್ನುವರು. ಒಂದು ಕಾಗದದ ಚೂರು ನೋಡಿ ಹುಡುಗಿ ಬಾಳು ಒಪ್ಪಿಕೊಂಡುಬಿಟ್ಟಳು, ಆ ಚೂರು ಸುಳ್ಳಾಗಿದ್ದರೆ? ಇದು ನನ್ನ ಎದೆಯಲ್ಲೂ ಕುಟುಕುತ್ತಿತ್ತು. ತಡೆಯಲಾರದೆ ಅವರು ಚನ್ನಗಿರಿಗೆ ಹೋಗಿ ಗುರುಗಳನ್ನೇ ಕೇಳಿದರು. ಅಯ್ನೋರು, "ಫೋಟೋದಾಗೆ ಝಳ ಬರಲ್ಲ ಕಣಪ್ಪ. ನಾನು ಏನು ಮಾಡಿದ್ರೂ ಬರಲಿಲ್ಲ. ಆ ಮಗೀಗೆ ಅದನ್ನ ಹೇಳಬೇಕಿತ್ತು" ಎಂದರಂತೆ. ನಮ್ಮವರು ಇನ್ನೂ ಕುಗ್ಗಿ ಮನೆಗೆ ಬಂದರು.

ನಡುವೆ ಯುದ್ಧ ಬಂತು, ಪೆಟ್ರೋಲು ಸಿಗದೆ ಓಡಾಟ ಕಷ್ಟವಾಯಿತು. ಕೊನೆಗೊಮ್ಮೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ನಾನೊಬ್ಬಳೇ ಬಿಳಿಚೋಡಿಗೆ ಹೊರಟೆ. ಮದುವೆಯ ಕಾಲವಾದ್ದರಿಂದ ಮನೆಯವರಿಗೆ ಅಂಗಡಿ ಬಿಡುವಂತಿರಲಿಲ್ಲ. "ಸಂಜೆ ತಪ್ಪದೆ ಆ ಬಯಲು ನೋಡ್ಕೊಂಡು ಬಾ. ಅಯ್ನೋರು ತೆಗೆದಂಗೆ ಐತೋ ಇಲ್ಲೋ ನೋಡಿ ಹೇಳು" ಎಂದು ಬಸ್ಸಿನ ಕಿಟಕಿ ಹಿಡಿದು ಹೇಳಿದರು. ಬಸ್ಸು ಇಳಿದಾಗ ಮಟಮಟ ಮಧ್ಯಾಹ್ನ. ನೆಲ ಚಪ್ಪಲಿಯ ಒಳಗಿಂದ ಸುಟ್ಟಿತು. ಗಿರಿಜೆ ಕಪ್ಪಾಗಿದ್ದಳು, ಅಂಗೈಯಲ್ಲಿ ಹಗ್ಗದ ಜಡ್ಡು ಇತ್ತು. ನೋಡಿ ಅಳು ಬಂತು. "ಆ ಫೋಟೋ ನಿನಗೆ ಮೋಸ ಮಾಡ್ತೇನೇ?" ಎಂದು ಕೇಳಿಯೇಬಿಟ್ಟೆ.

ಅವಳು ನಕ್ಕಳು. "ಇಲ್ಲ ಕಣಕ್ಕಾ. ಕೆಲಸ ಐತೆ, ಬಿಸಿಲೈತೆ. ಬೇಸ್ಗೇಲಿ ಒಬ್ಬಳೇ ಕುಂತು ಅತ್ತೂ ಅದೀನಿ. ಆದ್ರೆ ಅಯ್ನೋರು ಸುಳ್ಳು ತೆಗೆದಿಲ್ಲ. ಸಂಜೆ ಒಂದ್ ಗಳಿಗೆ ಹಂಗೇ ಆಗ್ತೈತೆ. ಅಷ್ಟೊತ್ತಿಗೆ ನಾನೂ ನಮ್ಮತ್ತೇನೂ ಕೆಲಸ ಬಿಟ್ಟು ಹೊರಗೆ ಕುಂದರ್ತೀವಿ." ಒಳಗಿನಿಂದ ಸಿದ್ದಮ್ಮನವರು, "ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ. ಈಕಿ ಆ ಪಟ ತಂದು ಗೋಡೆಗೆ ಹಾಕೋತನಕ ನಾ ಒಮ್ಮೆನೂ ಕಂಡಿದ್ದಿಲ್ಲ ನೋಡವ್ವ" ಎಂದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಅಯ್ನೋರ ಬಗ್ಗೆ ಅದುವರೆಗೆ ಇಲ್ಲದ ಗೌರವ ಉಕ್ಕಿ ಬಂತು.

ಸಂಜೆ ಮನೆಯ ಮುಂದೆ ಚಾಪೆ ಹಾಸಿ ಮೂವರೂ ಕೂತೆವು. ಉಕ್ಕಿದ ಗೌರವ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ನಾನು ಸಿದ್ದಮ್ಮನವರ ಕಡೆ ತಿರುಗಿ ಅಯ್ನೋರ ಮಹಿಮೆ ಹೇಳತೊಡಗಿದೆ. ಯುದ್ಧದಿಂದಾಗಿ ಈಗ ಅವರ ಕ್ಯಾಮೆರಾದ ದೊಡ್ಡ ಪ್ಲೇಟು ಸಿಗುವುದಿಲ್ಲ, ಆದರೂ ಅವರು ಗಾಡಿ ಕಟ್ಟಿಸಿಕೊಂಡು ಕೆರೆ ಏರಿಗೆ ಹೋಗುತ್ತಾರೆ, ಖಾಲಿ ಕ್ಯಾಮೆರಾ ನಿಲ್ಲಿಸಿ ಕರಿಬಟ್ಟೆ ಹೊದ್ದು ನೋಡುತ್ತಾರೆ, ಹಿಡಿಯಲಾಗದಿದ್ದರೇನು, ನೋಡಲಾದರೂ ನೋಡಬೇಕಲ್ಲ ಎನ್ನುತ್ತಾರೆ, ಎಂಥ ಮನುಷ್ಯ ಅಂತೀರಿ! ಇದನ್ನು ನಾನು ಬಹಳ ಚೆನ್ನಾಗಿ, ಕೈಯಾಡಿಸಿ ಹೇಳುತ್ತಿದ್ದೆ. ಸಿದ್ದಮ್ಮನವರು ನನ್ನ ಹೆಗಲಾಚೆ ನೋಡುತ್ತಾ, "ಹೂಂ" ಎನ್ನುತ್ತಿದ್ದರು. ಗಿರಿಜೆ ಒಮ್ಮೆ ನನ್ನ ಮೊಣಕೈ ಹಿಡಿದಳು. ಪ್ರೀತಿಗೆ ಹಿಡಿದಳು ಎಂದುಕೊಂಡೆ. ಆಮೇಲೆ ಅತ್ತೆ ಸೊಸೆ ಇಬ್ಬರೂ ಎದ್ದು ಚಾಪೆ ಕೊಡವಿದರು. ತಿರುಗಿ ನೋಡಿದೆ. ಬೆಳಕು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ ಹೊಲವಿತ್ತು, ಕುರಿಗಳು ಹಟ್ಟಿ ಸೇರಿದ್ದವು. ಮರುದಿನ ಬೆಳಗ್ಗೆಯೇ ನನ್ನ ಬಸ್ಸು.

ಹೊನ್ನಾಳಿಯಲ್ಲಿ ಇಳಿಯುತ್ತಿದ್ದ ಹಾಗೆ ಮನೆಯವರು ಓಡಿ ಬಂದು, ಗಂಟು ಇಸಿದುಕೊಳ್ಳುವ ಮೊದಲೇ, "ನೋಡಿದ್ಯಾ?" ಎಂದರು.

"ಗಿರಿಜೆ ಚೆನ್ನಾಗೈದಾಳೆ. ಬಯಲು ಅಯ್ನೋರು ತೆಗೆದಂಗೇ ಐತೆ" ಎಂದೆ. ಧೂಳು ಹೇಗೆ ಹೊಳೆಯಿತು, ಜಾಲಿಯ ನೆರಳು ಎಷ್ಟು ಉದ್ದ ಬಿತ್ತು ಎಂದೆಲ್ಲ ಅವರು ಕೇಳಿದರು, ನಾನು ಒಂದೂ ತಪ್ಪದೆ ಹೇಳಿದೆ. ಅವರ ಕಣ್ಣು ತುಂಬಿ ಬಂತು. ಹೇಳುವುದೇನು ಕಷ್ಟ? ಗಿರಿಜೆಯ ಮನೆಯ ಗೋಡೆಯ ಮೇಲಿದ್ದ ಆ ಫೋಟೋವನ್ನು ಬರುವ ಮುಂಚೆ ಚೆನ್ನಾಗಿ ನೋಡಿಕೊಂಡು ಬಂದಿದ್ದೆ.