ಮಸ್ತಾನಸಾಬರ ಪೆಟ್ಟಿಗೆಯೊಳಗಿನ ಸೂರ್ಯ

"ಈ ಬಕ್ರೀದಿಗೆ ನನ್ನ ಹೋತ ಬಜಾರದ ಹುಲ್ಲು ಮೂಸಿ ನೋಡಂಗಿಲ್ಲ! ಮನೆಯಾಗೇ ಬೆಳೆದ ಗೋಧಿಹುಲ್ಲು, ಹಸಿರಂದ್ರೆ ಹಸಿರು, ಅದನ್ನೇ ತಿನ್ನತೈತೆ!"

ದಾವಣಗೆರೆಯ ಚಹಾಪುಡಿ ವ್ಯಾಪಾರಿ ಮಸ್ತಾನಸಾಬರು ಹೀಗೆ ಘೋಷಿಸಿದಾಗ ಎದುರಿಗಿದ್ದ ಮಹಾಸಭೆಯೆಂದರೆ ಹೆಂಡತಿ ಮೆಹರ್ ಬಾನು ಒಬ್ಬಳೇ. ಆಕೆ ಯಾರದೋ ರವಿಕೆಗೆ ಹುಕ್ಸು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಎಲ್ಲಿ ಬೆಳೀತೀರಿ, ನನ್ನ ತಲೆ ಮ್ಯಾಲಾ? ಅಂಗಳ ಇಲ್ಲ, ಹಿತ್ಲು ಇಲ್ಲ. ಈ ಎರಡು ಕೋಣೆಗೆ ಬಿಸಿಲು ಅಂಬೋದು ನೆಂಟರ ಮನೆಗೆ ಬಂದಂಗೂ ಬರಲ್ಲ."

"ಬಿಸಿಲು ಯಾವನಿಗೆ ಬೇಕು? ಸೂರ್ಯನ್ನೇ ಪೆಟ್ಟಿಗ್ಯಾಗೆ ಕೂಡಿಹಾಕ್ತೀನಿ!"

ಪೆಟ್ಟಿಗೆಗೇನು ಬರ ಅವರಿಗೆ? ಚಹಾಪುಡಿ ಬರುವುದೇ ದೊಡ್ಡ ಪ್ಲೈವುಡ್ ಪೆಟ್ಟಿಗೆಗಳಲ್ಲಿ. ಒಳಗೆಲ್ಲ ಫಳಫಳ ಬೆಳ್ಳಿಕಾಗದ. ಅಂಥದ್ದೊಂದನ್ನು ಅಂಗಡಿಯಿಂದ ಹೊರಿಸಿ ತಂದು ಮುಂದಿನ ಕೋಣೆಯ ಮೂಲೆಯಲ್ಲಿ ಪಟ್ಟಾಭಿಷೇಕ ಮಾಡಿಸಿದರು. ಆಪತ್ತು ಇದ್ದದ್ದೇ ಅಲ್ಲಿ. ಆ ಮೂಲೆಯ ಮೇಲೆ ಮೆಹರ್ ಬಾನುವಿನ ಕಣ್ಣು ಮದುವೆಯಾದಾಗಿನಿಂದ ಇತ್ತು. ಅವಳ ಹೊಲಿಗೆ ಮಿಷಿನ್ನು ಅಡುಗೆ ಒಲೆಯ ಪಕ್ಕ ಕೂತು ಹೊಗೆ ಕುಡಿಯುತ್ತಿತ್ತು.

"ಆತು," ಎಂದಳು. "ಹಬ್ಬದೊಳಗೆ ನಿಮ್ಮ ಹುಲ್ಲಿಗೆ ಹೋತ ಬಾಯಿ ಹಾಕಿದ್ರೆ ಮೂಲೆ ನಿಮ್ದು. ಹಾಕ್ಲಿಲ್ಲ ಅಂದ್ರೆ ನನ್ನ ಮಿಷಿನ್ದು."

"ಒಪ್ಪಿದೆ! ಮಿಷಿನ್ನಿಗೆ ಒಲೆ ಮುಂದೇ ಗೋರಿ ಕಟ್ಟಿಸು!"

ದೀಪದ ಕೆಲಸ ಭಾವಮೈದ ಸಿಕಂದರನದು. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹತ್ತು ಮಾತಿಗೆ ಒಂದು ಮಾತಾಡುವ ಆಸಾಮಿ. ಮಸ್ತಾನಸಾಬರು ಅವನಿಗೆ ಅಪ್ಪಣೆ ಕೊಟ್ಟರು: "ನಿಜಲಿಂಗಪ್ಪ ಬಡಾವಣೆಯಾಗೆ ನನ್ನ ಗಿರಾಕಿ ಮನೇಲಿ ಫ್ರಿಜ್ಜು ಐತೆ. ಯಾವಾಗ ಬಾಗ್ಲು ತೆಗೆದ್ರೂ ದೀಪ ಉರೀತಿರತೈತೆ! ಒಂದಿನಾನೂ ಆರಿದ್ದು ನೋಡಿಲ್ಲ. ನನಗೆ ಅದೇ ಬೇಕು."

"ಫ್ರಿಜ್ಜಿನ ಥರಾನೇ ಬೇಕಾ, ಭಾವ?"

"ಥರ ಗಿರ ಬ್ಯಾಡ. ಅದೇ!"

ಸಿಕಂದರ್ ಅವರನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿ, ಮುಚ್ಚಳದ ಅಂಚಿಗೆ ಸ್ವಿಚ್ಚಿನ ಗುಬುಟು ಕೂರಿಸಿ, ಬಲ್ಬು ತೂಗುಹಾಕಿ ಹರಿಹರದ ಬಸ್ಸು ಹತ್ತಿದ.

ಮಣ್ಣು ತುಂಬಿಸಿ, ಬಸಿದ ಚಹಾಚರಟದ ಗೊಬ್ಬರ ಹಾಕಿ, ಗೋಧಿ ಚೆಲ್ಲಿದ್ದಾಯಿತು. ಮುಚ್ಚಳವನ್ನು ಸಾಬರು ಬಿಗಿಯಾಗಿ ಮುಚ್ಚಿದರು. ಪೆಟ್ಟಿಗೆ ತೆರೆದಿಟ್ಟರೆ ಮಾಲಿನ ಸತ್ವ ಹಾರಿಹೋಗುತ್ತದೆಂಬುದು ಚಹಾ ವ್ಯಾಪಾರದ ಮೊದಲ ಪಾಠ. ಗೋಧಿಗೂ ಅದನ್ನೇ ಕಲಿಸಿದರು. ನೀರು ಹಾಕುವ ನೆಪದಲ್ಲಿ ಆಗಾಗ ತೆರೆಯುವರು. ತೆರೆದರೆ ಝಗ್ಗನೆ ಬೆಳಕು! "ನೋಡು, ನನ್ನ ಸೂರ್ಯ ಮುಳುಗಿಲ್ಲ!" ಎಂದು ಕೂಗಿ ಮುಚ್ಚುವರು.

ಮೊಳಕೆ ಬಂತು. ಹಳದಿ ಬಣ್ಣ.

"ಹಸಿರೆಲ್ಲಿ?" ಎಂದಳು ಮೆಹರ್ ಬಾನು.

"ಕೂಸು ಹುಟ್ಟಿದ ಕೂಡ್ಲೇ ಮೀಸೆ ಬರತೈತಾ? ತಡಿ!"

ತಡೆದರು. ಕೂಸು ಗೇಣುದ್ದವಾಯಿತು, ಮೀಸೆ ಮಾತ್ರ ಬರಲಿಲ್ಲ. ಅರಿಶಿನದಲ್ಲಿ ಅದ್ದಿ ತೆಗೆದಂತೆ ಸೊಂಪಾಗಿ, ಹಳದಿಯಾಗಿ ತೂಗಾಡಿತು.

ಆ ವರ್ಷ ದಸರಾ, ಬಕ್ರೀದು ಒಂದರ ಬೆನ್ನಿಗೊಂದು ಬಂದಿದ್ದವು. ದಸರೆಯ ದಿನ ಹದಡಿಯಿಂದ ಹೋತ ಬಂತು, ಹರಿಹರದಿಂದ ಸಿಕಂದರ್ ಬಂದ. ಮಸ್ತಾನಸಾಬರು ಶಂಕುಸ್ಥಾಪನೆಗೆ ನಿಂತ ಮಂತ್ರಿಗಳ ಗತ್ತಿನಲ್ಲಿ ಒಂದು ಹಿಡಿ ಹುಲ್ಲು ಕಿತ್ತು ಹೋತದ ಮುಂದೆ ಹಿಡಿದರು. ಅದು ಮೂಸಿತು. ಸೀನಿತು. ಮುಖ ತಿರುಗಿಸಿ, ಗೋಡೆಗೆ ನೇತುಹಾಕಿದ್ದ ಅವರದೇ ಅಂಗಡಿಯ ಕ್ಯಾಲೆಂಡರನ್ನು ಅಗಿಯತೊಡಗಿತು!

"ಹಳ್ಳಿ ಹೋತ! ರುಚಿ ಗೊತ್ತಿಲ್ಲ!" ಎಂದರು ಸಾಬರು.

ಮೆಹರ್ ಬಾನು ಪೆಟ್ಟಿಗೆ ಮುಚ್ಚಿ, ಪಕ್ಕದ ಹಲಗೆಯ ಮೊಳೆತೂತಿಗೆ ಕಣ್ಣಿಟ್ಟಳು. ಆಮೇಲೆ ಗಂಡನನ್ನು ಕರೆದಳು. "ಬರ್ರಿ, ನಿಮ್ಮ ಸೂರ್ಯನ್ನ ನೋಡ್ರಿ."

ನೋಡಿದರು. ಅಮಾವಾಸ್ಯೆ!

ಆಕೆ ಮುಚ್ಚಳ ಎತ್ತಿದಳು: ಬೆಳಕು. ಇಳಿಸಿದಳು: ಕತ್ತಲು. "ಫ್ರಿಜ್ಜಿನ ದೀಪ ಬಾಗ್ಲು ತೆಗೆದ್ರೆ ಮಾತ್ರ ಹತ್ತೋದು. ಇಷ್ಟು ದಿನ ಉರಿದಿದ್ದು ನೀವು ಇಣುಕಿ ನೋಡಿದಾಗಷ್ಟೇ!"

ಸಾಬರು ಭಾವಮೈದನ ಕಡೆ ತಿರುಗಿದರು. "ಲೇ, ನೀನ್ಯಾಕ ಹೇಳ್ಲಿಲ್ಲ?"

"ಥರ ಬ್ಯಾಡ, ಅದೇ ಬೇಕು ಅಂದ್ರಿ," ಎಂದ ಸಿಕಂದರ್.

ಇನ್ನೊಬ್ಬರಾಗಿದ್ದರೆ ಅಲ್ಲೇ ಶರಣಾಗುತ್ತಿದ್ದರು. ಮಸ್ತಾನಸಾಬರು ಎದೆ ಸೆಟೆಸಿದರು. "ಬಲ್ಬಿಗೂ ವಿಶ್ರಾಂತಿ ಬ್ಯಾಡೇನು?"

ಅಷ್ಟರಲ್ಲಿ ಹಬ್ಬದ ರವಿಕೆ ಒಯ್ಯಲು ಬಂದ ಎದುರುಮನೆಯ ನಾಗಕ್ಕ, ಬಲ್ಬಿನ ಮಾತೆಲ್ಲ ಬಾಗಿಲಲ್ಲೇ ಕೇಳಿಸಿಕೊಂಡು ಒಳಬಂದು ಮುಚ್ಚಳ ಎತ್ತಿದಳು. ಒಳಗಿನದು ಕಂಡವಳೇ ಕೈ ಬಾಯಿಗೆ ತಂದಳು. "ಅಯ್ ಸಾಬ್ರೆ! ಎಂಥಾ ಹಳದಿ ಸಸಿ! ನಮ್ಮನೆ ದೇವರ ಮುಂದೆ ದಸರಾ ಘಟದಾಗೆ ಬಿತ್ತಿದವು ಈ ಸಲ ಹಸಿರಾಗಿ ಕುಂತಾವೆ, ಮೊಮ್ಮಗಳು ದಿನಾ ಬುಟ್ಟಿ ಎತ್ತಿ ಎತ್ತಿ ನೋಡಿದ್ಲು. ಇವತ್ತು ಹಳದಿ ಸಸೀನೇ ಮುಡೀಬೇಕು, ನಾಕು ಎಳೆ ಕೊಡ್ರಿ."

ಮಸ್ತಾನಸಾಬರ ಮುಖದಲ್ಲಿ ಗಲ್ಲಾಪೆಟ್ಟಿಗೆಯ ಕಳೆ ಬಂತು. "ನಾಕು ಯಾಕ, ತೊಗೊಳ್ರಿ ಹಿಡಿಗಟ್ಲೆ! ಹಳದೀನೇ ಬರ್ಲಿ ಅಂತ ಬೇಕಂತಲೇ ಬೆಳೆಸೀನಿ!"

"ನಾವು ಬುಟ್ಟಿ ಬೋರಲು ಹಾಕಿ ಕತ್ತಲು ಮಾಡ್ತೀವಪ್ಪ. ಬಲ್ಬು ಹಾಕಿ ಕತ್ತಲು ಮಾಡಿದೋರನ್ನ ಇವತ್ತೇ ನೋಡಿದ್ದು!" ನಾಗಕ್ಕ ಸಸಿ ಮುಡಿದುಕೊಂಡು ನಗುತ್ತ ಹೋದಳು.

"ಕೇಳಿದ್ಯಾ? ಮಾಲಿಗೆ ಗಿರಾಕಿ ಸಿಕ್ಕಿದ್ಮ್ಯಾಲೆ ನಾನು ಸೋತಿದ್ದು ಹೆಂಗೆ?"

"ಷರತ್ತು ಇದ್ದದ್ದು ಹೋತ ತಿನ್ನಬೇಕು ಅಂತ. ನಾಗಕ್ಕ ಮುಡೀಬೇಕು ಅಂತಲ್ಲ. ಸಿಕಂದರ್, ಮಿಷಿನ್ ಎತ್ತು."

ಮಿಷಿನ್ನು ಮೂಲೆಗೆ ಬಂತು. ಆದರೆ ಮೂಲೆಯೂ ಮಬ್ಬು. ಮೆಹರ್ ಬಾನು ಒಂದು ಗಳಿಗೆ ಯೋಚಿಸಿ, ಪಕ್ಕಕ್ಕೆ ಸರಿಸಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಿ ಗೋಡೆಗೆ ಆನಿಸಿದಳು. ಬೆಳ್ಳಿಕಾಗದಕ್ಕೆ ಬಡಿದ ಬೆಳಕು ನೇರ ಸೂಜಿಯ ಮೇಲೆ ಬಿತ್ತು. ದಾರ ಒಂದೇ ಸಲಕ್ಕೆ ಕಣ್ಣು ಹೊಕ್ಕಿತು!

ಮಸ್ತಾನಸಾಬರು ಗಂಟಲು ಸರಿಮಾಡಿಕೊಂಡರು. "ನೋಡು, ಇದನ್ನೂ ನಾನು ಮೊದಲೇ ಯೋಚಿಸಿ..."

ಮೆಹರ್ ಬಾನು ಚಕ್ರ ತಿರುಗಿಸುತ್ತಲೇ ಹೇಳಿದಳು:

"ಪೆಟ್ಟಿಗೆ ತೆರೆದೇ ಇರ್ಲಿ. ಮುಚ್ಚಲೇಬೇಕು ಅಂತ ಕೈ ಕಡಿದ್ರೆ, ಬಾಯಿ ಮುಚ್ರಿ."