ಬೋಳು ಪೇರಲ ಮರದ ಸದ್ದು

ನ್ಯಾಮತಿಯಲ್ಲಿ ನನ್ನನ್ನು ಯಾರೂ ಜುಂಜಪ್ಪ ಎಂದು ಕರೆಯುವುದಿಲ್ಲ. 'ಕಾಟಮ್ಮನ ಅಳಿಯ' ಎನ್ನುತ್ತಾರೆ. (ಕಾಟಮ್ಮ ನಮ್ಮ ಅತ್ತೆಯ ಹೆಸರು. ಇಟ್ಟವನು ನಾನಲ್ಲ.) ಸರ್ಕಾರಿ ನೌಕರಿಯಿದ್ದು, ಕೈಕಾಲು ನೆಟ್ಟಗಿದ್ದು, ಹೆಂಡತಿಯ ತವರಿನಲ್ಲಿ ಮನೆ ಅಳಿಯನಾಗಿ ಬಿದ್ದಿರುವವನ ಗೋಳು ನಿಮಗೆ ತಿಳಿಯಬೇಕಾದರೆ ಚನ್ನಗಿರಿಯ ಪೇರಲ ಮರದ ಕಥೆ ಕೇಳಬೇಕು.

ಎಂಬತ್ತೆರಡನೇ ಇಸವಿ. ನಾನು ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಬಾಡಿಗೆಗೆ ಹಿಡಿದ ಮನೆಯ ಹಿತ್ತಲಲ್ಲಿ ಒಂದು ಪೇರಲ ಮರ. ನೆಟ್ಟವರು ಮನೆ ಮಾಲೀಕರ ತಾಯಿ ಸುಂಕಲಮ್ಮ. ಬದುಕಿದ್ದಾಗ ಆ ಅಜ್ಜಿ ಕೋಲು ಹಿಡಿದು ಮರದ ಬುಡದಲ್ಲೇ ಕೂತಿರುತ್ತಿದ್ದರಂತೆ. ಒಂದು ಕಾಯಿ ಕಮ್ಮಿಯಾದರೂ ಬೀದಿಯವರನ್ನೆಲ್ಲ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದರಂತೆ. ಸತ್ತದ್ದೂ ಅಲ್ಲೇ, ದೀಪ ಹಚ್ಚುವ ಹೊತ್ತಿನಲ್ಲಿ.

ಮರದ ಕೊಂಬೆಯೊಂದು ನಮ್ಮ ಬಚ್ಚಲುಮನೆಯ ತಗಡಿನ ಮೇಲೆ ಚಾಚಿತ್ತು. ಸಂಜೆಯಾಯಿತೆಂದರೆ ಒಂದು ಹಣ್ಣು 'ಧಡ್' ಎಂದು ಬೀಳುವುದು, ನನ್ನ ಹೆಂಡತಿ ಪ್ರೇಮಮ್ಮ ಕೈಲಿದ್ದ ಪಾತ್ರೆ ಬಿಡುವುದು, ಎರಡೂ ಒಟ್ಟಿಗೆ ಆಗುತ್ತಿದ್ದವು.

"ಬಂದ್ಲು ನೋಡ್ರಿ ಅಜ್ಜಿ!"

"ಅಜ್ಜಿನೂ ಇಲ್ಲ, ಗಿಜ್ಜಿನೂ ಇಲ್ಲ. ಹಣ್ಣು ಬಿತ್ತು ಕಣೇ."

"ಹಣ್ಣಾದ್ರೆ ದಿನಾ ದೀಪ ಹಚ್ಚೋ ಹೊತ್ತಿಗೇ ಯಾಕೆ ಬೀಳತೈತೆ? ನಂಗೆ ಈ ಮನೆ ಬ್ಯಾಡ. ನಮ್ಮವ್ವನ ಮನೆ ದೊಡ್ಡದೈತೆ. ಹೊನ್ನಾಳಿಗೆ ವರ್ಗ ಮಾಡಿಸ್ಕಳ್ರಿ, ನ್ಯಾಮತಿಲಿ ಇರಾಣ."

ಅತ್ತೆಯ ಮನೆ! ಆ ಭಾನುವಾರವೇ ಮರ ಹತ್ತಿದೆ. ಎಲೆ ಎಲೆ ಸರಿಸಿ, ಹಸಿರು ಕಾಯಿಗಳನ್ನೆಲ್ಲ ಕಿತ್ತು, ಎರಡು ಗೋಣಿಚೀಲ ತುಂಬಿ ಮಂಚದ ಕೆಳಗೆ ತಳ್ಳಿದೆ. "ಒಂದು ಕಾಯಿನೂ ಉಳಿದಿಲ್ಲ, ಮರ ಬೋಳಾತು. ಇನ್ನೂ ಸದ್ದು ಕೇಳಿದ್ರೆ ನಾನೇ ಟ್ರಂಕು ಹೊತ್ಕಂಡು ನ್ಯಾಮತಿಗೆ ಬರ್ತೀನಿ" ಎಂದು ಭೀಷ್ಮಪ್ರತಿಜ್ಞೆ ಮಾಡಿದೆ.

ಸೋಮವಾರ ಸಂಜೆ ಪ್ರೇಮಮ್ಮ ಅಂಗಡಿಗೆ ಹೋಗಿದ್ದಳು. ಧಡ್!

ಹಿತ್ತಲಿಗೆ ಹೋಗಿ ನೋಡಿದೆ. ಗಾಳಿಯಿಲ್ಲ. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಬೋಳು ಮರದ ಬುಡದಲ್ಲಿ ಒಂದೇ ಒಂದು ಹಣ್ಣು, ಹಳದಿ ಬಣ್ಣದ್ದು, ಘಮ್ಮೆನ್ನುತ್ತಿತ್ತು. ತುದಿಯಲ್ಲೆಲ್ಲೋ ನನ್ನ ಕಣ್ತಪ್ಪಿಸಿ ಉಳಿದಿರಬೇಕು ಎಂದುಕೊಂಡೆ. ಹೆಂಡತಿಗೆ ಹೇಳಿದರೆ ಟ್ರಂಕು ಹೊರಬೇಕಲ್ಲ! ಸಾಕ್ಷಿ ಉಳಿಸಬಾರದೆಂದು ನಿಂತಲ್ಲೇ ತಿಂದುಬಿಟ್ಟೆ. ಅಂಥ ಸಿಹಿ ಹಣ್ಣನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಮುಂದಿನ ಎಂಟು ದಿನ ನಮ್ಮ ಮನೆಯಲ್ಲಿ ಪೇರಲಕಾಯಿಯ ಸಾಮ್ರಾಜ್ಯ. ತಿನ್ನುವ ಪದಾರ್ಥ ಚೆಲ್ಲಬಾರದು ಎಂದು ಪ್ರೇಮಮ್ಮ ಪಟ್ಟು ಹಿಡಿದಳು. ಬೆಳಿಗ್ಗೆ ಕಾಯಿ ಚಟ್ನಿ, ಮಧ್ಯಾಹ್ನ ಕಾಯಿ ಪಲ್ಯ, ರಾತ್ರಿ ಕಾಯಿ ಗೊಜ್ಜು. ಹುಲ್ಲಿನಲ್ಲಿ ಅಡೆ ಹಾಕಿದೆವು. ಹುಲ್ಲು ಕೊಳೆಯಿತೇ ಹೊರತು ಕಾಯಿ ಹಣ್ಣಾಗಲಿಲ್ಲ. ನನ್ನ ದವಡೆ ಹಲ್ಲೊಂದು ಅಲ್ಲಾಡತೊಡಗಿತು. ಕಚೇರಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದೆ. ಹೊಟ್ಟೆಯ ಸಮಾಚಾರ ಬೇಡ ಬಿಡಿ.

ಕೊನೆಗೆ ಮಂಗಳವಾರ, ಉಳಿದದ್ದನ್ನು ಬೀದಿಯವರಿಗೆ ಹಂಚೋಣ ಎಂದೆ. ಪ್ರೇಮಮ್ಮ ತಾನೇ ಬಟ್ಟಲಲ್ಲಿ ತುಂಬಿ ಎಂಟು ಮನೆಗೆ ಕೊಟ್ಟು ಬಂದಳು. ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು ನೋಡಿ, ಒಬ್ಬರು ಬೆಲ್ಲ ಹಾಕಿ ಕಳಿಸಿದರು, ಪಕ್ಕದ ಮನೆಯ ಸೈದಾಬೀ ನಾಲ್ಕು ಮೊಟ್ಟೆ ಕಳಿಸಿದಳು. ಗೋಣಿಚೀಲ ಜಾಡಿಸಿ ಮಡಿಚಿಟ್ಟೆ. ಗೆದ್ದೆ ಎಂದುಕೊಂಡೆ.

ಬುಧವಾರ ದೀಪ ಹಚ್ಚುವ ಹೊತ್ತು. ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ. ತಲೆಯ ಮೇಲೆ ಧಡ್! ಹಿಂದೆಯೇ ಧಡ್, ಧಡಧಡ!

ಚೊಂಬು ಹಿಡಿದೇ ಹೊರಗೆ ಓಡಿದೆ. ಅದೇ ಬೋಳು ಮರ. ಅದರ ಬುಡದಲ್ಲಿ ಹಸಿರು ಕಾಯಿಗಳು ಉರುಳುತ್ತಿದ್ದವು. ಒಂದು, ಮೂರು, ಏಳು... ನಾನೇ ಕಿತ್ತ ಕಾಯಿಗಳು, ನಾನೇ ಹಂಚಿಸಿದ ಕಾಯಿಗಳು! ಮರದ ಹಿಂದೆ ಯಾರೋ ಕೋಲು ಕುಟ್ಟಿದಂತಾಯಿತು.

"ತಾಯಿ ಸುಂಕಲಮ್ಮಾ, ತಪ್ಪಾತು! ಲೆಕ್ಕ ಒಪ್ಪಿಸ್ತೀನಿ, ಬಿಟ್ಬಿಡವ್ವಾ!" ಎಂದು ಮರಕ್ಕೆ ಉದ್ದಂಡ ನಮಸ್ಕಾರ ಹಾಕಿದೆ. ಬೆನ್ನ ಮೇಲೆ ಇನ್ನೊಂದು ಕಾಯಿ ಬಿತ್ತು.

"ಏನಾತ್ರೀ ಅಣ್ಣಾ?" ಎಂದು ಸೈದಾಬೀ ಗೋಡೆಯಾಚೆಯಿಂದ ಇಣುಕಿದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಪಾಪ, ಅವಳಿಗೂ ಹೆದರಿಕೆ ಎಂದುಕೊಂಡೆ. ಪ್ರೇಮಮ್ಮ ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಬೀಗ ಹಾಕಿದ ಟ್ರಂಕು.

ಮರುದಿನ ಬೆಳಿಗ್ಗೆಯೇ ಕಚೇರಿಗೆ ರಜೆ ಚೀಟಿ ಕಳಿಸಿ ಬಸ್ಸು ಹತ್ತಿದೆವು. ಹೊನ್ನಾಳಿ ಸೇತುವೆ ದಾಟುವಾಗ ಪ್ರೇಮಮ್ಮ ಕಿಸಕ್ಕೆಂದಳು.

"ಬೈಯಬ್ಯಾಡ್ರಿ. ಬಟ್ಟಲು ಕೊಡುವಾಗ ನಾನೇ ಎಲ್ಲಾರ್ಗೂ ಹೇಳಿದ್ದೆ, ಬುಧವಾರ ಸಂಜಿಕೆ ಕಾಯೆಲ್ಲ ಗೋಡೆ ಮ್ಯಾಲಿಂದ ವಾಪಸ್ ಎಸೀರಿ ಅಂತ. ಬ್ಯಾರೆ ಹೆಂಗೆ ನಿಮ್ಮನ್ನ ಹೊರಡ್ಸಾದು?"

"ಕಂಡಕ್ಟರ್ರೇ, ನಿಲ್ಸ್ರಿ!" ಎಂದು ಎದ್ದು ನಿಂತೆ. "ವಾಪಸ್ ನಡಿ ಚನ್ನಗಿರಿಗೆ! ಹಂಗಾದ್ರೆ ಆ ಸೋಮವಾರ ಎಸೆದೋರೂ ನೀವೇ ಅಲ್ವೇನೇ?"

"ಯಾವ ಸೋಮವಾರ?"

"ಮರ ಬೋಳಿಸಿದ ಮಾರನೇ ದಿನ. ನೀನು ಅಂಗಡಿಗೆ ಹೋಗಿದ್ದಾಗ ಒಂದು ಬಿತ್ತಲ್ಲ."

ಪ್ರೇಮಮ್ಮನ ನಗು ನಿಂತಿತು. "ಆವತ್ತು ಯಾರಿಗೂ ಒಂದು ಕಾಯಿನೂ ಕೊಟ್ಟಿರ್ಲಿಲ್ಲಲ್ರೀ. ಎಲ್ಲಾ ಮಂಚದ ಕೆಳಗೇ ಇತ್ತು."

"ಅದು ಕಾಯಲ್ಲ. ಹಣ್ಣು."

"ಹಣ್ಣಾ? ಏನ್ ಮಾಡಿದ್ರಿ ಅದನ್ನ?"

"ತಿಂದೆ."

ಅವಳು ಸೆರಗು ಹೊದ್ದು ಕಿಟಕಿ ಕಡೆ ಸರಿದು ಕೂತಳು. "ಇಳಿಯೋರು ಯಾರ್ರೀ?" ಎಂದು ಕಂಡಕ್ಟರು ಕೂಗಿದ. "ಯಾರೂ ಇಲ್ಲ, ಸ್ವಲ್ಪ ಜೋರಾಗಿ ಬಿಡ್ರಿ" ಎಂದು ನಾನೇ ಹೇಳಿದೆ.

ಇದಾಗಿ ಮೂರು ವರ್ಷ. ಹೊನ್ನಾಳಿ ಕಚೇರಿಗೆ ವರ್ಗವೂ ಆಗಿದೆ, ನ್ಯಾಮತಿಯಿಂದಲೇ ಓಡಾಡುತ್ತೇನೆ. ಊಟಕ್ಕೆ ಕೂತರೆ "ಎಷ್ಟನೇ ರೊಟ್ಟಿ ಅಳಿಯಂದ್ರೇ?" ಎಂದು ಅತ್ತೆ ದಿನಾ ಲೆಕ್ಕ ಕೇಳುತ್ತಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಇವರಿಗಾದರೆ ಮುಖ ನೋಡಿ ಉತ್ತರ ಹೇಳಬಹುದು.